ಗೆದ್ದ ಮೇಲೆ ಮೊದಲ ನೂರು ದಿನ: ಕಟ್ಟಿಸುವುದು ಆಮೇಲೆ, ಮೊದಲು ನೀರು ಮತ್ತು ಲೆಕ್ಕ

ಪ್ರಶ್ನೆ: ನಾನು ಮುಂಡರಗಿ ತಾಲೂಕಿನ ಒಂದು ಹಳ್ಳಿಯವಳು. ಬಿ.ಎ. ಮುಗಿಸಿದ್ದೇನೆ. ನಮ್ಮ ಮಹಿಳಾ ಸಂಘದ ಲೆಕ್ಕ ಬರೆಯುತ್ತೇನೆ. ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲು ಅಂತ ಓಣಿಯವರು ಒತ್ತಾಯ ಮಾಡುತ್ತಿದ್ದಾರೆ. ಗೆದ್ದರೆ ಮೊದಲ ನೂರು ದಿನದಲ್ಲಿ ಇಷ್ಟು ಮಾಡುತ್ತೇನೆ ಅಂತ ಒಂದು ಕರಪತ್ರ ಹಾಕಿಸುವ ಯೋಚನೆ ಇದೆ. ಓಣಿಗೆ ಸಿಸಿ ರಸ್ತೆ, ಎಲ್ಲ ಕಂಬಕ್ಕೂ ಎಲ್‌ಇಡಿ ದೀಪ, ದಿನಾಲೂ ನೀರು, ಶಾಲೆಗೆ ಇನ್ನಿಬ್ಬರು ಶಿಕ್ಷಕರು, ಸಂಜೆ ಇನ್ನೊಂದು ಬಸ್ಸು, ಮನೆ ಇಲ್ಲದವರಿಗೆ ಮನೆ, ಊರ ಅಗಸಿಗೆ ಕಮಾನು. ಇದರಲ್ಲಿ ಮೊದಲು ಯಾವುದನ್ನು ಹಿಡಿಯಬೇಕು? ನಮ್ಮ ಯಜಮಾನರು "ನೀ ಗೆದ್ದು ಬಾ ಸಾಕು, ಮುಂದಿಂದು ನಾ ನೋಡ್ಕೋತೀನಿ" ಅಂತಾರೆ. ಅದಕ್ಕೂ ಏನಾದರೂ ಹೇಳಿ.

ಉತ್ತರ: ತಂಗಿ, ನಿಮ್ಮ ಪಟ್ಟಿಯಲ್ಲಿ ಏಳು ಕೆಲಸಗಳಿವೆ. ನೂರು ದಿನದಲ್ಲಿ ಮುಗಿಯುವಂಥದ್ದು ಒಂದೂ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಪಂಚಾಯಿತಿ ಸದಸ್ಯರ ತರಬೇತಿಗೆ ಹೋಗುವವನು ನಾನು. ಗೆದ್ದು ಬಂದವರ ಕರಪತ್ರಗಳನ್ನು ನೋಡುತ್ತಲೇ ಇರುತ್ತೇನೆ. ಹೆಚ್ಚುಕಡಿಮೆ ಎಲ್ಲವೂ ಹೀಗೇ ಇರುತ್ತವೆ. ಸಿಸಿ ರಸ್ತೆಯಂತೂ ಎಲ್ಲದರಲ್ಲೂ ಮೊದಲ ಸಾಲು.

ಯಾಕೆ ಆಗುವುದಿಲ್ಲ ಅಂದರೆ, ಪಂಚಾಯಿತಿಯ ದುಡ್ಡು ಕ್ರಿಯಾ ಯೋಜನೆಯ ಪ್ರಕಾರ ಖರ್ಚಾಗುತ್ತದೆ. ಯಾವ ಓಣಿಗೆ ಗಟಾರ, ಯಾವ ಶಾಲೆಗೆ ಶೌಚಾಲಯ ಎಂಬುದು ಮುಂಚೆಯೇ ಗ್ರಾಮ ಸಭೆಗೆ ಬಂದು, ಯೋಜನೆಯಲ್ಲಿ ಸೇರಿ, ಮಂಜೂರಾಗಿರಬೇಕು. ನೀವು ಗೆದ್ದು ಬರುವ ಹೊತ್ತಿಗೆ ಆ ವರ್ಷದ ಯೋಜನೆಯನ್ನು ಬೇರೆ ಯಾರೋ ಮಾಡಿಟ್ಟಿರುತ್ತಾರೆ. ನಡುವೆ ಹೊಸದು ಸೇರಿಸಬೇಕು ಅಂದರೆ ಮತ್ತೆ ಠರಾವು (ಸಭೆಯ ನಿರ್ಣಯ), ಮತ್ತೆ ಅಂದಾಜು ಪಟ್ಟಿ, ಎಂಜಿನಿಯರ್ ಬಂದು ಅಳತೆ, ಮಂಜೂರಾತಿ. ನೂರು ದಿನ ಅದರಲ್ಲೇ ಮುಗಿದುಹೋಗುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಮೊದಲ ನೂರು ದಿನದಲ್ಲಿ ಹೊಸದೇನನ್ನೂ ಕಟ್ಟಿಸಲು ಹೋಗಬೇಡಿ. ಈಗಿರುವ ನೀರು ನೆಟ್ಟಗೆ ಬರುವಂತೆ ನೋಡಿ. ಪಂಚಾಯಿತಿಯ ಲೆಕ್ಕ ಅರ್ಥ ಮಾಡಿಕೊಳ್ಳಿ. ನಿಮ್ಮ ವಾರ್ಡ್ ಸಭೆಯನ್ನು ಕಾಗದದ ಮೇಲಲ್ಲ, ಓಣಿಯಲ್ಲಿ ನಡೆಸಿ. ಈ ಮೂರಕ್ಕೆ ಯಾರ ಮಂಜೂರಾತಿಯೂ ಬೇಡ.

ನಿಮ್ಮ ಪಟ್ಟಿಯಲ್ಲಿ ಪಂಚಾಯಿತಿಯ ಕೈಯಲ್ಲೇ ಇಲ್ಲದವು ಎರಡು. ಶಿಕ್ಷಕರನ್ನು ಕೊಡುವುದು ಶಿಕ್ಷಣ ಇಲಾಖೆ. ಬಸ್ಸು ಬಿಡುವುದು ವಾಯವ್ಯ ಸಾರಿಗೆ. ನೀವು ಠರಾವು ಮಾಡಿ ಕಳಿಸಬಹುದು, ಡಿಪೋಗೆ ಹೋಗಿ ಮಾತಾಡಬಹುದು, ಶಿಕ್ಷಣ ಇಲಾಖೆಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಬೆನ್ನು ಹತ್ತಬಹುದು. ಅಷ್ಟನ್ನೇ ಬರೆಯಿರಿ. 'ಬಸ್ಸು ತರುತ್ತೇನೆ' ಅಂತ ಅಚ್ಚು ಹಾಕಿಸಿದರೆ ಐದು ವರ್ಷ ಆ ಒಂದು ಸಾಲೇ ನಿಮ್ಮನ್ನು ಕಾಡುತ್ತದೆ. ಇನ್ನೊಂದು ಮಾತು. ತಾಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೊದಲಾದರೆ ಇಂಥ ಕೆಲಸಕ್ಕೆ ತಾಲೂಕು ಪಂಚಾಯಿತಿ ಸದಸ್ಯರ ಮನೆಗೆ ಹೋದರೆ ಆಗುತ್ತಿತ್ತು. ಆ ಕೊಂಡಿ ಕಳಚಿದಾಗಿನಿಂದ ಹಳ್ಳಿಯ ಸದಸ್ಯರು ನೇರವಾಗಿ ಅಧಿಕಾರಿಯ ಮುಂದೆ, ಇಲ್ಲವೇ ಶಾಸಕರ ಮನೆಯ ಮುಂದೆ ನಿಲ್ಲಬೇಕಾಗಿದೆ. ಇದು ಸಣ್ಣ ತೊಂದರೆ ಅಲ್ಲ.

ಸದಸ್ಯರ ಅಧಿಕಾರ ಎಷ್ಟು ಅನ್ನುವುದೂ ತಿಳಿದಿರಲಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಆರು ಸಾವಿರ ಜನರ ಪಂಚಾಯಿತಿ ಅಂದರೆ ಹದಿನೈದು ಮಂದಿ. ಹಣ ಬಿಡುಗಡೆಗೆ ಸಹಿ ಅಧ್ಯಕ್ಷರದ್ದು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರದ್ದು. ನೀವು ಹದಿನೈದರಲ್ಲಿ ಒಬ್ಬರು. ನಿಮ್ಮ ಕೈಯಲ್ಲಿರುವುದು ಸಭೆಯಲ್ಲಿ ಕೇಳುವ ಪ್ರಶ್ನೆ, ಹಾಕುವ ಓಟು, ಕಾಗದ ನೋಡುವ ಹಕ್ಕು ಮತ್ತು ನಿಮ್ಮ ವಾರ್ಡ್ ಸಭೆ. ಕಡಿಮೆ ಅನಿಸುತ್ತದೆ, ಅಲ್ವಾ? ಬಳಸಿದರೆ ಸಾಕಷ್ಟಿದೆ. ಹೆಚ್ಚಿನವರು ಬಳಸುವುದಿಲ್ಲ.

ಮೊದಲ ಕೆಲವು ವಾರ ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆಯ ಗಲಾಟೆಯಲ್ಲೇ ಹೋಗುತ್ತವೆ. ಕಳೆದ ಸಲ, ಅಂದರೆ 2020ರ ಡಿಸೆಂಬರಿನಲ್ಲಿ ಗೆದ್ದವರ ಕಾಲದಲ್ಲಿ, ಅಧ್ಯಕ್ಷರ ಅವಧಿ 30 ತಿಂಗಳಿತ್ತು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ ಅಂತ ಹೇಳುತ್ತೇವೆ. ಆದರೆ ಫಲಿತಾಂಶ ಬಂದ ರಾತ್ರಿಯೇ ಯಾರು ಯಾರ ಕಡೆ ಅಂತ ಎಣಿಕೆ ಶುರುವಾಗುತ್ತದೆ. ಟೆಂಪೋ ಟ್ರಾವೆಲರ್ ಬರುತ್ತದೆ. 'ಸುಮ್ನೆ ದೇವರ ದರ್ಶನ ಮಾಡ್ಕೊಂಡು ಬರೋಣ ಬರ್ರಿ' ಅನ್ನುತ್ತಾರೆ. ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಪ್ರವಾಸದ ಖರ್ಚು ಯಾರದ್ದು, ಅವರು ಅದನ್ನು ಯಾವ ಕಾಮಗಾರಿಯಿಂದ ವಾಪಸ್ ಪಡೆಯುತ್ತಾರೆ ಅನ್ನುವುದನ್ನು ಮಾತ್ರ ಯೋಚಿಸಿ. ನಿಮ್ಮ ಓಟಿಗೆ ಬದಲಾಗಿ ಏನಾದರೂ ಕೇಳುವುದಿದ್ದರೆ ಒಂದನ್ನೇ ಕೇಳಿ: ತಿಂಗಳ ಸಭೆಯಲ್ಲಿ ಜಮಾ ಖರ್ಚು ಓದಬೇಕು. ಅಧ್ಯಕ್ಷರಾಗಬೇಕು ಅಂತ ಆಸೆಪಡುವವರು ಆ ಹೊತ್ತಿನಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಹತ್ತು ಜನರ ಮುಂದೆ ಹೂಂ ಅನ್ನಿಸಿ.

ಇನ್ನು ನೀರು. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಇದನ್ನು ಬಿಟ್ಟು ಬೇರೆ ಮೊದಲ ಆದ್ಯತೆ ಇರಲು ಸಾಧ್ಯವೇ ಇಲ್ಲ. ನಿಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಚೆನ್ನ. ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ದೊಡ್ಡವರಿಗೆ ಕೀಲು, ಬೆನ್ನು ಹಿಡಿಯುವುದು ಶುರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೂ ಹೋಗುವುದಿಲ್ಲ, ಅದು ಕೊಲ್ಲುವುದು ರೋಗಾಣುಗಳನ್ನು ಮಾತ್ರ. ಇದು ಎಷ್ಟೋ ಸದಸ್ಯರಿಗೇ ಗೊತ್ತಿರುವುದಿಲ್ಲ.

ಅದಕ್ಕೇ ಹೊಳೆ ನೀರು ಮುಖ್ಯ. ತುಂಗಭದ್ರೆಯಿಂದ ಬಹುಗ್ರಾಮ ಯೋಜನೆಯ ಪೈಪಿನಲ್ಲಿ ಬರುವ ನೀರನ್ನು ನಿಮ್ಮ ಕಡೆ ಡಿಬಿಒಟಿ ನೀರು ಅನ್ನುತ್ತಾರೆ. ಇಲ್ಲಿ ಒಂದು ಗಡಿ ಇದೆ. ಊರ ಟ್ಯಾಂಕಿನವರೆಗೆ ನೀರು ತಂದು ಮುಟ್ಟಿಸುವುದು ಯೋಜನೆ ನಡೆಸುವವರ ಜವಾಬ್ದಾರಿ. ಟ್ಯಾಂಕಿನಿಂದ ನಲ್ಲಿಯವರೆಗೆ ಪಂಚಾಯಿತಿಯ ಜವಾಬ್ದಾರಿ. 'ನೀರು ಬರ್ತಿಲ್ಲ' ಅಂದಾಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವುದು ಈ ಗಡಿಯಲ್ಲೇ. ಟ್ಯಾಂಕಿಗೆ ಎಷ್ಟು ಗಂಟೆಗೆ ನೀರು ಬಂತು, ಎಷ್ಟು ತುಂಬಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಸಲು ಶುರು ಮಾಡಿ. ಒಂದು ತಿಂಗಳ ಬರಹ ಕೈಯಲ್ಲಿದ್ದರೆ ಯಾರ ಹತ್ತಿರ ಜಗಳ ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಗೆದ್ದ ಮೊದಲ ವಾರದಲ್ಲೇ ನೀರು ಬಿಡುವವರ ಜೊತೆ ಒಂದು ಸುತ್ತು ಪೂರ್ತಿ ನಡೆಯಿರಿ. ಊರಲ್ಲಿ ಎಷ್ಟು ವಾಲ್ವ್ ಇವೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು, ಕೊನೆಯ ಮನೆ ಯಾವುದು ಎಂಬುದು ಅವರ ತಲೆಯಲ್ಲಿ ಮಾತ್ರ ಇರುತ್ತದೆ, ಯಾವ ಕಡತದಲ್ಲೂ ಇರುವುದಿಲ್ಲ. ಅವರು ನಾಳೆ ಕೆಲಸ ಬಿಟ್ಟರೆ ಊರಿಗೆ ಊರೇ ಕಕ್ಕಾಬಿಕ್ಕಿ. ಒಂದು ಹಾಳೆಯ ಮೇಲೆ ನಕ್ಷೆ ಬರೆದುಕೊಳ್ಳಿ. ಕೊನೆಯ ಮನೆಗಳಿಗೆ ನೀರು ಏರದಿದ್ದರೆ ಹೆಚ್ಚಿನ ಸಲ ಕಾರಣ ನಡುವಿನ ಮನೆಗಳವರು ನಲ್ಲಿಗೆ ಮೋಟಾರು ಹಚ್ಚಿ ಎಳೆಯುವುದು. ಹಾಗೆ ಎಳೆಯುವವರಲ್ಲಿ ನಿಮಗೆ ಓಟು ಹಾಕಿದವರೂ ಇರುತ್ತಾರೆ, ಬಹುಶಃ ನಿಮ್ಮ ಸಂಬಂಧಿಕರೂ. ಮೊದಲ ಪರೀಕ್ಷೆ ಅದೇ. ಮೋಟಾರು ತೆಗೆಸುವ ಠರಾವು ಇಡೀ ಊರಿಗೆ ಒಟ್ಟಿಗೆ ಆಗಲಿ. ಒಂದು ಓಣಿಗೆ ಮಾತ್ರ ಆದರೆ ಅದು ಜಗಳ, ಊರಿಗೆಲ್ಲ ಆದರೆ ಕಾನೂನು.

ಟ್ಯಾಂಕು ತೊಳೆದ ತಾರೀಕನ್ನು ಟ್ಯಾಂಕಿನ ಕಂಬದ ಮೇಲೆ ಬಣ್ಣದಲ್ಲಿ ಬರೆಸಿ. ಖರ್ಚು ಒಂದು ಡಬ್ಬಿ ಪೇಂಟು. ಕ್ಲೋರಿನ್ ಹಾಕಿದ್ದು ಸಾಕೋ ಇಲ್ಲವೋ ಅಂತ ಟ್ಯಾಂಕಿನ ಹತ್ತಿರ ನೋಡಿದರೆ ಗೊತ್ತಾಗುವುದಿಲ್ಲ, ಕೊನೆಯ ಮನೆಯ ನಲ್ಲಿಯಲ್ಲಿ ನೋಡಬೇಕು. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ ಬಂದ ಮೇಲೆ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಹೆಣ್ಣುಮಕ್ಕಳಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ನಿಮ್ಮ ಪಂಚಾಯಿತಿಯ ಕಿಟ್ ಯಾವ ಬೀರುವಿನಲ್ಲಿದೆ ಅಂತ ಕೇಳಿ ತೆಗೆಸಿ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತರು. ಅಂಥದ್ದು ಆದ ಮೇಲೆ ಅಮಾನತು, ತನಿಖೆ ಎಲ್ಲ ಆಗುತ್ತದೆ. ಹೋದ ಜೀವ ಬರುವುದಿಲ್ಲ. ಗಟಾರದ ಒಳಗೆ ಹಾದುಹೋಗಿರುವ ನೀರಿನ ಪೈಪು ನಿಮ್ಮ ವಾರ್ಡಿನಲ್ಲಿ ಎಲ್ಲೆಲ್ಲಿದೆ ಅಂತ ಗುರುತು ಹಾಕಿಕೊಳ್ಳಿ. ಅದನ್ನು ಮೇಲೆತ್ತಿಸುವುದು ಸಣ್ಣ ರಿಪೇರಿ, ನೂರು ದಿನದಲ್ಲಿ ಆಗುತ್ತದೆ.

ಶುದ್ಧ ನೀರಿನ ಘಟಕ ಊರಲ್ಲಿದ್ದರೆ ಅದು ಚಾಲೂ ಇದೆಯೋ, ಫಿಲ್ಟರ್ ಬದಲಿಸಿದ್ದು ಯಾವಾಗ, ಕಾಯಿನ್ ಹಾಕಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕೇಳಿ. ಮೂರನೆಯ ಪ್ರಶ್ನೆಗೆ ಉತ್ತರ ಸಿಗುವುದು ತಡ. ಬಿಡಬೇಡಿ.

ಈಗ ನಿಮ್ಮ ಸಿಸಿ ರಸ್ತೆ. ನಿಮ್ಮದು ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಕೆಳಗೆ ಗರಸು ಸರಿಯಾಗಿ ಹಾಕಿ ದಮ್ಮಸು ಮಾಡದೆ ಮೇಲೆ ಕಾಂಕ್ರೀಟ್ ಸುರಿದರೆ ಎರಡು ಮಳೆಗಾಲದಲ್ಲಿ ಸೀಳುತ್ತದೆ. ಪೈಪ್‌ಲೈನ್ ಒಡೆಯುವುದಕ್ಕೂ ಇದೇ ಮಣ್ಣು ಒಂದು ಕಾರಣ. ಹೊಸ ರಸ್ತೆ ಮಾಡಿದ ಮರುವರ್ಷವೇ ನೀರಿನ ಪೈಪಿಗೆ ಅಂತ ಅದನ್ನು ಅಗೆದದ್ದನ್ನು ನೀವೂ ನೋಡಿರುತ್ತೀರಿ. ಹೀಗಾಗಿ ಮೊದಲು ಪೈಪು, ಆಮೇಲೆ ಗಟಾರ, ಕೊನೆಗೆ ರಸ್ತೆ. ಈ ಕ್ರಮ ತಪ್ಪಿಸಿ ರಸ್ತೆ ಕೇಳುವವರು ಎರಡು ಥರ. ಒಬ್ಬರು ತಿಳಿಯದವರು, ಇನ್ನೊಬ್ಬರು ಬಿಲ್ಲು ಎತ್ತುವವರು. ಜಲಜೀವನ್ ಕಾಮಗಾರಿಯಲ್ಲಿ ಅಗೆದ ರಸ್ತೆಯನ್ನು ಮೊದಲಿನ ಹಾಗೆ ಮಾಡಿಕೊಡುವುದು ಗುತ್ತಿಗೆದಾರರ ಕೆಲಸವೇ. ನಿಮ್ಮ ಓಣಿಯಲ್ಲಿ ಹಾಗೆ ಬಿಟ್ಟು ಹೋಗಿದ್ದರೆ ಫೋಟೋ ತೆಗೆದು ಕುಡಿಯುವ ನೀರಿನ ಇಲಾಖೆಗೆ ಪಂಚಾಯಿತಿಯಿಂದ ಪತ್ರ ಬರೆಸಿ. ಹೊಸ ರಸ್ತೆಗಿಂತ ಇದು ಬೇಗ ಆಗುತ್ತದೆ.

ಬಚ್ಚಲ ನೀರಿಗೆ ಮನೆಮನೆಗೂ ಬಚ್ಚಲು ಗುಂಡಿ ಅನ್ನುವ ಯೋಜನೆಯನ್ನೂ ಯಾರಾದರೂ ತರುತ್ತಾರೆ. ಮಸಾರಿ (ಕೆಂಪು) ಮಣ್ಣಿನಲ್ಲಿ ಅದು ಚೆನ್ನಾಗಿ ಇಂಗುತ್ತದೆ. ಎರೆಯಲ್ಲಿ ನಿಧಾನ. ಒಪ್ಪುವ ಮೊದಲು ಎರಡು ಮನೆಗೆ ಮಾಡಿ ನೋಡಿ ಅನ್ನಿ.

ದೀಪದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎಲ್‌ಇಡಿ ಹಾಕಿಸುವುದಕ್ಕಿಂತ ಮೊದಲು, ಈಗಿರುವ ದೀಪ ಹಗಲು ಉರಿಯುತ್ತಿವೆಯೋ ನೋಡಿ. ಬೀದಿ ದೀಪಕ್ಕೆ ಬೇರೆ ಮೀಟರು, ಬೇರೆ ಸ್ವಿಚ್ ಇಲ್ಲದ ಊರುಗಳಲ್ಲಿ ಬೆಳಗ್ಗೆ ಹನ್ನೊಂದಕ್ಕೂ ಬಲ್ಬು ಉರಿಯುತ್ತಿರುತ್ತದೆ. ಬೀದಿ ದೀಪ ಮತ್ತು ನೀರಿನ ಮೋಟಾರಿನ ಹೆಸ್ಕಾಂ (ಕರೆಂಟು ಕಂಪನಿ) ಬಾಕಿ ಎಷ್ಟಿದೆ ಅಂತ ಕೇಳಿದರೆ ನಿಮಗೇ ಗಾಬರಿಯಾಗಬಹುದು.

ಬಾಕಿಯ ಮಾತು ಬಂತು, ಲೆಕ್ಕಕ್ಕೆ ಬರೋಣ. ನೀವು ಸಂಘದ ಪುಸ್ತಕ ಬರೆಯುವವರು, ನಿಮಗೆ ಇದು ಉಳಿದವರಿಗಿಂತ ಸುಲಭ. ಪಂಚಾಯಿತಿಗೆ ಬರುವ ದುಡ್ಡಿನಲ್ಲಿ ಹೆಚ್ಚಿನದಕ್ಕೆ ಷರತ್ತು ಇರುತ್ತದೆ. 15ನೇ ಹಣಕಾಸು ಆಯೋಗದ ಕಾಲದಲ್ಲಿ, ಅಂದರೆ 2021ರಿಂದ 2026ರವರೆಗೆ, ಬಂದ ಅನುದಾನದಲ್ಲಿ ಶೇ. 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40ರಲ್ಲಿ ಊರಿನ ಬೇರೆ ಅಗತ್ಯ. ಆ ದುಡ್ಡನ್ನು ಸಂಬಳಕ್ಕೆ ಹಾಕುವಂತಿರಲಿಲ್ಲ. 2026ರ ಏಪ್ರಿಲಿನಿಂದ 16ನೇ ಆಯೋಗದ ಲೆಕ್ಕ ಶುರು. ಅದರ ಷರತ್ತುಗಳ ಸುತ್ತೋಲೆಯನ್ನು ಪಿಡಿಒ ಅವರಿಂದ ಕೇಳಿ ಪಡೆದು ಓದಿ. ಓದಿದ ಸದಸ್ಯರು ಸಭೆಯಲ್ಲಿ ಒಬ್ಬರಿದ್ದರೂ ಮಾತಿನ ಧಾಟಿಯೇ ಬದಲಾಗುತ್ತದೆ.

ಊರವರ ಇಷ್ಟದಂತೆ ಖರ್ಚು ಮಾಡಬಹುದಾದ ದುಡ್ಡು ಮನೆಪಟ್ಟಿ (ಮನೆ ತೆರಿಗೆ), ನೀರಿನ ಪಟ್ಟಿ, ಅಂಗಡಿ ಬಾಡಿಗೆ, ಸಂತೆ ಕರದಿಂದ ಬರಬೇಕು. ಅದರಲ್ಲೂ ಶೇ. 25 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಈ ಎರಡು ತಲೆಬರಹದ ಹಣ ನಿಜವಾಗಿ ಯಾರಿಗೆ ಮುಟ್ಟಿತು ಅಂತ ಹಿಂದಿನ ಮೂರು ವರ್ಷದ್ದು ಕೇಳಿ ನೋಡಿ. ಹಿಂದಿನ ಸದಸ್ಯರ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿ ಇದ್ದ ತಿಂಗಳುಗಳದ್ದನ್ನೂ ಬಿಡಬೇಡಿ.

ಕೇಳಬೇಕಾದ ಮುಖ್ಯ ಕಾಗದದ ಹೆಸರು ಡಿಸಿಬಿ. ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಅನ್ನುವ ಪಟ್ಟಿ ಅದು. ಲೆಕ್ಕಕ್ಕೆ ಅಂತ ಒಂದು ಊರು ತೆಗೆದುಕೊಳ್ಳಿ. 1,200 ಮನೆ, ಮನೆಗೆ ವರ್ಷಕ್ಕೆ ₹600 ಪಟ್ಟಿ. ಬೇಡಿಕೆ ₹7.2 ಲಕ್ಷ. ಮೂರರಲ್ಲಿ ಒಂದು ಭಾಗ ವಸೂಲಾದರೆ ₹2.4 ಲಕ್ಷ. ಉಳಿದ ₹4.8 ಲಕ್ಷ ಪ್ರತಿ ವರ್ಷ ಬಾಕಿಯ ಗುಡ್ಡಕ್ಕೆ ಸೇರುತ್ತದೆ. ಅಷ್ಟರಲ್ಲಿ ಟ್ಯಾಂಕು ತೊಳೆಸುವುದು, ಮೋಟಾರು ರಿಪೇರಿ, ಪೈಪು, ಬಲ್ಬು ಎಲ್ಲ ಆಗಿಬಿಡುತ್ತಿತ್ತು. ಬಾಕಿ ಉಳಿಸಿಕೊಂಡವರು ಬಡವರೇ ಅಂತ ತಿಳಿಯಬೇಡಿ. ಪಟ್ಟಿಯ ಮೇಲಿನ ಹೆಸರುಗಳನ್ನು ಓದಿ. ಊರ ದೊಡ್ಡ ಮನೆ, ಕಲ್ಯಾಣ ಮಂಟಪ, ಮೊಬೈಲ್ ಟವರ್, ಕೆಲವು ಕಡೆ ಹಾಲಿ ಸದಸ್ಯರ ಮನೆಯೇ ಇರುತ್ತದೆ. ನಾಮಪತ್ರ ಹಾಕುವ ಮುಂಚೆ ನಿಮ್ಮ ಮನೆಪಟ್ಟಿ ತುಂಬಿ ರಸೀದಿ ಇಟ್ಟುಕೊಳ್ಳಿ.

ಮನೆಪಟ್ಟಿ ಹೆಚ್ಚಿಸುತ್ತೇನೆ ಅಂತ ಮಾತ್ರ ಮೊದಲ ನೂರು ದಿನದಲ್ಲಿ ಬಾಯಿ ಬಿಡಬೇಡಿ. ಇದ್ದದ್ದನ್ನು ಎಲ್ಲರಿಂದಲೂ ವಸೂಲು ಮಾಡಿಸುವುದೇ ಸಾಕು. ಅದೂ ನೀರು ಸುಧಾರಿಸಿದ ಮೇಲೆ. ಎಂಟು ದಿನಕ್ಕೊಮ್ಮೆ ನೀರು ಬಿಟ್ಟು ಪಟ್ಟಿ ಕೇಳಲು ಹೋದರೆ ಬಿಲ್ ಕಲೆಕ್ಟರಿಗೆ ಬೈಗುಳ ಸಿಗುತ್ತದೆ, ದುಡ್ಡು ಸಿಗುವುದಿಲ್ಲ.

ಮನೆ ಇಲ್ಲದವರಿಗೆ ಮನೆ ಅಂದಿದ್ದೀರಿ. ಆಶ್ರಯ ಮನೆಯ ಪಟ್ಟಿಯಷ್ಟು ಜಗಳ, ಲಂಚ ಬೇರೆ ಯಾವುದರಲ್ಲೂ ಇಲ್ಲ. ಎಷ್ಟು ಮನೆ ಬರುತ್ತವೆ ಅನ್ನುವುದು ಸರ್ಕಾರದ ಕೈಯಲ್ಲಿದೆ, ಯಾರಿಗೆ ಅನ್ನುವುದು ಗ್ರಾಮ ಸಭೆಯ ಕೈಯಲ್ಲಿದೆ. ನೀವು ಮಾಡಬಹುದಾದದ್ದು, ನಿಮ್ಮ ವಾರ್ಡಿನಲ್ಲಿ ಮನೆ ಇಲ್ಲದವರು ಯಾರು, ಅದರಲ್ಲಿ ಗುಡಿಸಲು, ತಗಡಿನ ಶೆಡ್ಡು, ಬಾಡಿಗೆ ಯಾರದ್ದು ಅಂತ ವಾರ್ಡ್ ಸಭೆಯಲ್ಲಿ ಎಲ್ಲರ ಎದುರಿಗೆ ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದು. ಮನೆ ಬಂದಾಗ ಪಟ್ಟಿಯ ಮೊದಲ ಹೆಸರಿನಿಂದ. ನಿಮ್ಮ ನಾದಿನಿಯ ಹೆಸರು ಹನ್ನೆರಡನೆಯದಾಗಿದ್ದರೆ ಹನ್ನೆರಡನೆಯದಾಗಿಯೇ ಇರಲಿ.

ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಅದು ಮುಗಿದ ಮೇಲೆ ಗ್ರಾಮ ಸಭೆ. ಆಗುವುದೇನು? ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆಯುತ್ತಾರೆ, ಜನ ಹೊಲದಲ್ಲಿರುತ್ತಾರೆ, ಸಹಿ ಮಾತ್ರ ಮನೆಮನೆಗೆ ಹೋಗಿ ಮಾಡಿಸುತ್ತಾರೆ. ನೀವು ಸಂಜೆ ಏಳಕ್ಕೆ ಕರೆಯಿರಿ. ಹೆಸರುಕಾಳು ಬಿಡಿಸುವ, ಕಡಲೆ ಕೀಳುವ ದಿನಗಳನ್ನು ಬಿಟ್ಟು ಕರೆಯಿರಿ. ಪಂಚಮಿಯ ವಾರವೂ ಬೇಡ. ಒಂದು ಸಭೆಗೆ ಒಂದೇ ವಿಷಯ ಇರಲಿ, ಮೊದಲನೆಯದು ನೀರು. ಹೆಣ್ಣುಮಕ್ಕಳು ಹಿಂದೆ ನಿಂತು ಕೇಳುವುದು ನಿಮ್ಮ ಕಡೆ ರೂಢಿ. ನಿಮ್ಮ ಸಂಘದವರನ್ನು ಮುಂದಿನ ಸಾಲಿಗೆ ಕೂರಿಸಿ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ ಬರುತ್ತದೆ, ಪಂಚಾಯಿತಿಯ ವರ್ಷದ ಲೆಕ್ಕವನ್ನು ಜನರ ಮುಂದೆ ತೆರೆದಿಡುವ ದಿನ ಅದು. ಅದಕ್ಕೂ ಇವರನ್ನೇ ಕರೆದುಕೊಂಡು ಹೋಗಿ. ಸಂಘದ ಬಡ್ಡಿಯಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯುವ ಹೆಣ್ಣುಮಕ್ಕಳು ಪಂಚಾಯಿತಿಯ ಲೆಕ್ಕವನ್ನೂ ಹಿಡಿಯುತ್ತಾರೆ.

ಕಮಾನು ಬೇಡ. ಯಾರಾದರೂ ದಾನಿಗಳು ಕಟ್ಟಿಸಿದರೆ ಕಟ್ಟಿಸಲಿ.

ನಿಮ್ಮ ಯಜಮಾನರ ಮಾತು. ಅವರು ಪ್ರೀತಿಯಿಂದಲೇ ಹೇಳಿರಬಹುದು. ಆದರೂ ಇದನ್ನು ನಿಲ್ಲುವ ಮೊದಲೇ ಮನೆಯಲ್ಲಿ ಬಗೆಹರಿಸಿಕೊಳ್ಳಿ, ಗೆದ್ದ ಮೇಲೆ ಕಷ್ಟ. ಪಂಚಾಯಿತಿ ಸಭೆಯಲ್ಲಿ ಸದಸ್ಯೆಯ ಬದಲು ಗಂಡನಾಗಲಿ ಮಗನಾಗಲಿ ಕೂರುವಂತಿಲ್ಲ ಅಂತ ಸರ್ಕಾರ ಸುತ್ತೋಲೆ ಹೊರಡಿಸಿದೆ. ಅದು ಅವರಿಗೂ ಗೊತ್ತಿರಲಿ. ತಹಶೀಲ್ದಾರ್ ಕಚೇರಿಗೆ ಬೈಕಿನಲ್ಲಿ ಕರೆದುಕೊಂಡು ಹೋಗುವುದು, ನೀವು ಸಭೆಗೆ ಹೋದ ದಿನ ಅಡುಗೆ ನೋಡಿಕೊಳ್ಳುವುದು, ರಾತ್ರಿ ಕೂತು ಸಲಹೆ ಕೊಡುವುದು, ಇದೆಲ್ಲ ಸಹಾಯವೇ. ಫೋನು ಅವರ ಹತ್ತಿರ ಇರುವುದು ಸಹಾಯ ಅಲ್ಲ. ಪಿಡಿಒ, ನೀರು ಬಿಡುವವರು, ಓಣಿಯವರು ನಿಮ್ಮ ನಂಬರಿಗೇ ಫೋನು ಮಾಡಬೇಕು, ನೀವೇ ಎತ್ತಬೇಕು. ಗಂಡನಿಗೆ ಹೇಳಿದರೆ ಕೆಲಸ ಆಗುತ್ತದೆ ಅಂತ ಮೊದಲ ತಿಂಗಳಲ್ಲಿ ಜನರಿಗೆ ರೂಢಿಯಾದರೆ ಮುಂದೆ ಯಾರೂ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಇನ್ನೊಂದು ಎಚ್ಚರ. ಪಂಚಾಯಿತಿ ಕಾಮಗಾರಿಯ ಗುತ್ತಿಗೆಯಲ್ಲಿ ಸದಸ್ಯರಿಗೆ ಪಾಲಿದ್ದರೆ ಸದಸ್ಯತ್ವಕ್ಕೇ ಕುತ್ತು. ಅವರ ಗೆಳೆಯರು ಯಾರಾದರೂ ಗುತ್ತಿಗೆದಾರರಿದ್ದರೆ ಈಗಲೇ ಸ್ಪಷ್ಟ ಮಾಡಿ.

ಸಹಿಯ ಬಗ್ಗೆಯೂ ಕೇಳಿ. ಸಭೆಯ ಹಾಜರಿಗೆ ಅಂತ ನಡಾವಳಿ ಪುಸ್ತಕದಲ್ಲಿ ಮೊದಲೇ ಸಹಿ ಮಾಡಿಸಿಕೊಂಡು, ಠರಾವುಗಳನ್ನು ಆಮೇಲೆ ಬರೆಯುವ ಚಾಳಿ ಕೆಲವು ಕಡೆ ಇದೆ. ಬರೆದದ್ದನ್ನು ಓದಿ ಹೇಳಿ ಅನ್ನಿ. ಸಹಿಯ ಕೆಳಗೆ ಖಾಲಿ ಜಾಗ ಉಳಿದಿದ್ದರೆ ಗೆರೆ ಎಳೆಯಿರಿ. ಒಪ್ಪಿಗೆ ಇಲ್ಲದಿದ್ದರೆ 'ನನ್ನ ವಿರೋಧ ಇದೆ' ಅಂತ ಬರೆಸಿ. ಮೊದಲ ಸಲ ಎಲ್ಲರೂ ತಿರುಗಿ ನೋಡುತ್ತಾರೆ. ಜೊತೆಗೆ ಇನ್ನೊಬ್ಬ ಸದಸ್ಯೆ ಇದ್ದರೆ ಧೈರ್ಯ. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳದ್ದೇ ಆಗಿರುವಾಗ ಒಬ್ಬರಾದರೂ ಸಿಗುತ್ತಾರೆ. ಮೊದಲ ಸಭೆಗೆ ಮುಂಚೆಯೇ ಅವರ ಮನೆಗೆ ಹೋಗಿ ಚಹಾ ಕುಡಿದು ಬನ್ನಿ. ತರಬೇತಿಗೆ ಕರೆ ಬಂದಾಗ ನೀವೇ ಹೋಗಿ.

ಕರಪತ್ರ ಹಾಕಿಸುವುದನ್ನು ಒಂದೆರಡು ವಾರ ಮುಂದೂಡಿ. ಅಷ್ಟರಲ್ಲಿ ಪಂಚಾಯಿತಿ ಕಚೇರಿಗೆ ಹೋಗಿ ಈ ವರ್ಷದ ಕ್ರಿಯಾ ಯೋಜನೆ ಮತ್ತು ಡಿಸಿಬಿ ಕೇಳಿ. ಸದಸ್ಯರಾಗಿರಬೇಕು ಅಂತೇನಿಲ್ಲ, ಊರವರು ಯಾರು ಬೇಕಾದರೂ ಕೇಳಬಹುದು. ಬಾಯಿಮಾತಿನಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ₹10ರ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಹಿಂದಿನ ಸಭೆಗಳ ನಡಾವಳಿಯನ್ನು ಪಂಚಾಯಿತಿಗಳ ಪಂಚತಂತ್ರ ಜಾಲತಾಣದಲ್ಲೂ ನೋಡಬಹುದು. ಚುನಾವಣೆ ಘೋಷಣೆ ಆದ ಮೇಲೆ ಸಿಬ್ಬಂದಿಗೆ ಪುರುಸೊತ್ತು ಇರುವುದಿಲ್ಲ, ಆದ್ದರಿಂದ ಈಗಲೇ ಹೋಗಿ.